ಸುಧಾರಣೆ, ನಿರ್ಮೂಲನ

ದಿಂಬಂ ಘಾಟಿಯ 27 ತಿರುವುಗಳ ಮೇಲೆ, ಆಡಳಿತದಿಂದ ತಮಿಳುನಾಡಿಗೂ ಮನೆಮಾತಿನಿಂದ ಕನ್ನಡಕ್ಕೂ ಸೇರಿದ ನಮ್ಮ ತಾಳವಾಡಿಯ ಬೆಟ್ಟಸೀಮೆಯಲ್ಲಿ ನಗರದ ಕೊಳೆಗೇರಿಯೆಂಬುದಿಲ್ಲ. ಆದರೆ ಮಳೆ ಕೈಕೊಟ್ಟ ವರುಷ ಕೂಲಿಯನ್ನರಸಿ ಇಳಿದು ಹೋಗುವವರಿಗೆ ಮೈಸೂರು, ಬೆಂಗಳೂರುಗಳಲ್ಲಿ ಎಂತಹ ಸೂರು ದೊರೆಯುವುದೆಂಬುದು ಇಲ್ಲಿಯ ಜಗಲಿಗಳ ಮಾತಾಗಿರುವುದರಿಂದ, ಆ ಕೇರಿಗಳ ಚರಿತ್ರೆ ನಮ್ಮದೂ ಅಹುದು.

1898ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಯನ್ನು ಹೊಕ್ಕಾಗ, ಇಕ್ಕಟ್ಟಾದ ಓಣಿಗಳೇ ಮೃತ್ಯುದ್ವಾರಗಳೆಂದು ಬಗೆದ ಸರ್ಕಾರವು ಬಸವನಗುಡಿ, ಮಲ್ಲೇಶ್ವರಗಳನ್ನು ವಿಶಾಲವಾದ ಬೀದಿಗಳೊಡನೆ ರಚಿಸಿತು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂದಿತು. ಮಲ್ಲೇಶ್ವರದ ಮನೆಗಳ ಹಿಂಬದಿಯಲ್ಲಿ, ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲೆಂದು ಬಿಟ್ಟ ಕಿರಿದಾದ ಕನ್ಸರ್ವೆನ್ಸಿ ಓಣಿಗಳನ್ನು ಇಂದಿಗೂ ಕಾಣಬಹುದು. ಗಾಳಿ ಬೆಳಕುಗಳನ್ನು ಅಳೆದು ಹಂಚಿದ ಆ ನಕ್ಷೆಯಲ್ಲಿ ಆ ಓಣಿಯವರಿಗೆ ದಾರಿಯಿತ್ತು, ಮನೆಯಿರಲಿಲ್ಲ. ಇದು ನನ್ನನ್ನು ಬಹುಕಾಲದಿಂದ ನೋಯಿಸಿದ ಸಂಗತಿ.

ತಮಿಳುನಾಡು 1970ರಲ್ಲಿ ಕೊಳಚೆ ನಿರ್ಮೂಲನ ಮಂಡಳಿಯನ್ನೂ ಮರುವರ್ಷ ಶಾಸನವನ್ನೂ ತಂದಿತು. ಕರ್ನಾಟಕದ ಶಾಸನ 1973ರದು. ಎರಡೂ ಶಾಸನಗಳ ಹೆಸರಿನಲ್ಲಿ ‘ಸುಧಾರಣೆ’ ಮೊದಲು, ‘ನಿರ್ಮೂಲನ’ ಅನಂತರ. ಆದರೆ ಇದ್ದ ನೆಲದಲ್ಲಿಯೇ ಮನೆ ಕಟ್ಟಿಕೊಡುವುದು ಕಷ್ಟ, ಎಬ್ಬಿಸಿ ಊರಾಚೆಗೆ ಒಯ್ಯುವುದು ಸುಲಭ. ಚೆನ್ನೈಯ ಅಂಚಿನ ಕಣ್ಣಗಿ ನಗರವು ಆ ಸುಲಭಮಾರ್ಗದ ಫಲ. ಬೆಂಗಳೂರಿನ ಈಜಿಪುರದಲ್ಲಿಯಂತೂ ಬಡವರಿಗೆಂದೇ ಕಟ್ಟಿದ ವಸತಿಗಳು ಹಿಂದೆಯೇ ಕುಸಿದಿದ್ದು, 2013ರ ಜನವರಿಯಲ್ಲಿ ಆ ಜಾಗವನ್ನು ತೆರವುಗೊಳಿಸಿದಾಗ ಸಾವಿರಕ್ಕೂ ಮಿಕ್ಕ ಕುಟುಂಬಗಳು ಪಾತ್ರೆಪಡಗಗಳೊಡನೆ ಬೀದಿಗೆ ಬಿದ್ದವು.

2021ರಲ್ಲಿ ತಮಿಳುನಾಡಿನ ಮಂಡಳಿಯು ತನ್ನ ಹೆಸರಿನಿಂದ ‘ನಿರ್ಮೂಲನ’ವನ್ನು ತೆಗೆದುಹಾಕಿತು.