ಹಳೆಯ ಕೈಗಡಿಯಾರಗಳ ಸಂಗ್ರಹ ಮತ್ತು ರಿಪೇರಿ

ಬ್ಯಾಟರಿಯ ಹಂಗಿಲ್ಲದೆ ಕೀ ಕೊಟ್ಟು ಓಡಿಸುವ ಹಳೆಯ ಕೈಗಡಿಯಾರಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಮತ್ತೆ ನಡೆಯುವಂತೆ ಮಾಡಿ ಜೋಪಾನವಾಗಿಡುವ ಹವ್ಯಾಸ. ಹೊರದೇಶಗಳಲ್ಲಿ ಇದು ಬಹುಮಟ್ಟಿಗೆ ಸ್ವಿಟ್ಜರ್ಲೆಂಡಿನ ದುಬಾರಿ ಹೆಸರುಗಳ ಸುತ್ತ ಬೆಳೆದಿದೆ. ಕರ್ನಾಟಕದಲ್ಲಿ ಇದರ ಕೇಂದ್ರ ಎಚ್‌ಎಂಟಿ. ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾದ ಈ ವಾಚುಗಳು ಮದುವೆಯಲ್ಲಿ ಅಳಿಯನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ನಿವೃತ್ತರಾದ ಮೇಷ್ಟರಿಗೆ ಉಡುಗೊರೆಯಾಗಿ ಊರೂರಿನ ಮನೆಗಳನ್ನು ಸೇರಿದವು. ಸಂಗ್ರಹಕ್ಕೆ ಬೇಕಾದ ಸರಕು ಇಂದಿಗೂ ಮನೆಯ ಬೀರುಗಳಲ್ಲಿದೆ.

ಕೋಲಾರದ ಸೀಮೆಗೆ ನಿಮಿಷದ ಲೆಕ್ಕ ಬಂದದ್ದು ರೈಲಿನೊಂದಿಗೆ. ಜೋಲಾರಪೇಟೆಯಿಂದ ಮಾಲೂರಿನ ಮೂಲಕ ಬೆಂಗಳೂರು ದಂಡು ಪ್ರದೇಶಕ್ಕೆ ಹಳಿ ಬಿದ್ದದ್ದು 1864ರಲ್ಲಿ. ಗಾರ್ಡು, ಡ್ರೈವರುಗಳ ಜೇಬಿನಲ್ಲಿ ಸರಪಳಿ ಕಟ್ಟಿದ ಗಡಿಯಾರ ಇರಲೇಬೇಕಿತ್ತು. ಆ ಕಾಲದಿಂದ ಸ್ವಾತಂತ್ರ್ಯದ ನಂತರದ ಮೊದಲ ವರ್ಷಗಳವರೆಗೂ ದೇಶದಲ್ಲಿ ನಡೆದದ್ದು ವೆಸ್ಟ್ ಎಂಡ್, ಫಾವ್ರ್ ಲ್ಯೂಬಾದಂಥ ವಿದೇಶಿ ವಾಚುಗಳು. ಅವು ಸಾಮಾನ್ಯರ ಕೈಗೆ ಎಟಕುತ್ತಿರಲಿಲ್ಲ. ಇಂಥ ಹಳೆಯ ಜೇಬುಗಡಿಯಾರ ಈಗ ಕಣ್ಣಿಗೆ ಬಿದ್ದರೆ ಸಂಗ್ರಾಹಕರು ಅದನ್ನು ಸುಲಭಕ್ಕೆ ಬಿಡುವುದಿಲ್ಲ.

1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, ಮೊದಲಿಗೆ ಲೇತು, ಮಿಲ್ಲಿಂಗ್ ಯಂತ್ರಗಳನ್ನು ಮಾಡುತ್ತಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅಲ್ಲೇ ವಾಚು ಕಾರ್ಖಾನೆ ತೆರೆಯಿತು. ಅಲ್ಲಿ ತಯಾರಾದ ಮೊದಲ ಕಂತಿನ ಕೈಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಬೇಡಿಕೆ ಏರಿದಂತೆ ಶ್ರೀನಗರ, ತುಮಕೂರು ಮತ್ತು ಉತ್ತರಾಖಂಡದ ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳಾದವು. ತುಮಕೂರಿನದು 1978ರದು.

ಮಾದರಿಗಳ ಹೆಸರುಗಳಲ್ಲೇ ಆ ಕಾಲದ ದೇಶ ಕಾಣುತ್ತದೆ. ಎಲ್ಲರಿಗೂ ಸಲ್ಲಲಿ ಎಂದು ಜನತಾ, ಸೈನಿಕರ ಹೆಸರಿನ ಜವಾನ್, ಕಪ್ಪು ಡಯಲಿನ ಪೈಲಟ್, ತೆಳ್ಳಗಿನ ಸೋನಾ, ಹೆಂಗಸರಿಗೆ ನೂತನ್ ಮತ್ತು ಸುಜಾತಾ. ತೋಳಿನ ಅಲುಗಾಟದಿಂದಲೇ ಸ್ಪ್ರಿಂಗು ಸುತ್ತಿಕೊಂಡು ವಾರ, ತಾರೀಖು ತೋರಿಸುವ ಕಾಂಚನ್ ಮದುವೆಗೆ ಕೊಡುವ ವಾಚೆಂದೇ ಹೆಸರಾಗಿತ್ತು. ಕಣ್ಣು ಕಾಣದವರು ಮುಚ್ಚಳ ತೆರೆದು ಮುಳ್ಳುಗಳನ್ನು ಮುಟ್ಟಿ ಹೊತ್ತು ತಿಳಿಯಲೆಂದು ಬ್ರೈಲ್ ಮಾದರಿಯೂ ಇತ್ತು. ಸರ್ಕಾರಿ ಉದ್ದಿಮೆಯೊಂದು ಮಾಡಿದ ಅತ್ಯಂತ ಘನವಾದ ಕೆಲಸಗಳಲ್ಲಿ ಈ ಬ್ರೈಲ್ ವಾಚು ಒಂದು.

ಹವ್ಯಾಸಿಗಳಿಗೆ ಎಚ್‌ಎಂಟಿ ಒಲಿದಿರುವುದಕ್ಕೆ ಗಟ್ಟಿ ಕಾರಣ ಅದರ ಹೊಟ್ಟೆಯೊಳಗಿದೆ. ಜನತಾ, ಪೈಲಟ್ ಮುಂತಾದ ಹಲವು ಮಾದರಿಗಳಲ್ಲಿ ಇರುವುದು ಸಿಟಿಜನ್ ವಿನ್ಯಾಸದಿಂದ ಬಂದ, 17 ಕಲ್ಲಿನ ಒಂದೇ ಕುಲದ ಯಂತ್ರ. ಕೀ ತಿರುಗಿಸಿದಾಗ ಪುಟ್ಟ ಡಬ್ಬಿಯೊಳಗಿನ ಮೇನ್ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳ ಸಾಲಿನಲ್ಲಿ ಹರಿದು, ಕೊನೆಯ ಚಕ್ರವನ್ನು ತಡೆದು ತಡೆದು ಬಿಡುವ ಪ್ಯಾಲೆಟ್‌ಗೆ, ಅಲ್ಲಿಂದ ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರಕ್ಕೆ ತಲುಪುತ್ತದೆ. ಈ ಆಟವನ್ನು ಅಳತೆಯಲ್ಲಿ ಇಡುವುದು ಕೂದಲಿನಷ್ಟು ತೆಳುವಾದ ಹೇರ್ ಸ್ಪ್ರಿಂಗು. ಗಂಟೆಗೆ 18,000, ಅಂದರೆ ಸೆಕೆಂಡಿಗೆ 5 ಟಿಕ್‌. ಚಕ್ರಗಳ ಅಚ್ಚು ಸವೆಯದಿರಲೆಂದು ಕೂರಿಸಿದ ಕೆಂಪು ಕಲ್ಲುಗಳು ಕಾರ್ಖಾನೆಯಲ್ಲಿ ತಯಾರಿಸಿದ ಕೃತಕ ಮಾಣಿಕ್ಯ. ಅವನ್ನು ಕಿತ್ತು ಮಾರಿದರೆ ಹಣ ಬರುತ್ತದೆ ಎಂಬ ನಂಬಿಕೆಗೆ ಎಷ್ಟೋ ಒಳ್ಳೆಯ ವಾಚುಗಳು ಬಲಿಯಾಗಿವೆ. ಡಯಲಿನ ಮೇಲೆ ಕಾಣುವ ‘ಪ್ಯಾರಾಶಾಕ್’ ಎಂಬ ಬರಹ, ವಾಚು ಕೆಳಗೆ ಬಿದ್ದರೆ ಬ್ಯಾಲೆನ್ಸಿನ ಸೂಜಿಯಂಥ ತುದಿಗಳು ಮುರಿಯದಂತೆ ಕಾಯುವ ಪುಟ್ಟ ಸ್ಪ್ರಿಂಗಿನ ಏರ್ಪಾಡಿನ ಹೆಸರು.

ಯಂತ್ರ ಒಂದೇ ಆದದ್ದರಿಂದ ಕೆಟ್ಟ ಎರಡು ವಾಚುಗಳಿಂದ ಓಡುವ ಒಂದನ್ನು ಮಾಡಬಹುದು. ಕಲಿಯುವವರು ಬೆಂಗಳೂರಿನ ಚಿಕ್ಕಪೇಟೆ ಬಳಿಯ ಸಂಡೇ ಬಜಾರಿನಲ್ಲೋ ಗುಜರಿಯಲ್ಲೋ ನಿಂತುಹೋದ ವಾಚುಗಳನ್ನು ಕೊಂಡು, ಕೈ ಪಳಗುವವರೆಗೂ ಅವುಗಳ ಮೇಲೆಯೇ ಪ್ರಯೋಗ ಮಾಡುವುದು ಒಳ್ಳೆಯದು. ಅಜ್ಜನ ವಾಚನ್ನು ಮೊದಲ ಪಾಠಕ್ಕೆ ಬಿಚ್ಚಬಾರದು.

ಬೇಕಾದ ಸಾಮಾನು ಕಡಿಮೆ: ಕಣ್ಣಿಗೆ ಸಿಕ್ಕಿಸುವ ಭೂತಗಾಜು, ಸಣ್ಣ ತಿರುಪುಳಿಗಳು, ಅಯಸ್ಕಾಂತ ಅಂಟದ ಚಿಮಟ, ಹಿಂಬದಿ ಮುಚ್ಚಳ ತೆರೆಯುವ ಉಪಕರಣ, ಗಾಳಿ ಊದುವ ರಬ್ಬರ್ ಬುರುಡೆ, ಬಿಳಿಯ ಹಾಳೆ. ಪ್ಯಾಲೆಟ್ಟಿಗೆ ಕೈ ಹಾಕುವ ಮೊದಲು ಮೇನ್ ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಇಳಿಸಬೇಕು, ಇಲ್ಲದಿದ್ದರೆ ಚಕ್ರಗಳು ಒಮ್ಮೆಲೇ ಗಿರಕಿ ಹೊಡೆದು ಹಲ್ಲು, ಅಚ್ಚು ಮುರಿಯುತ್ತವೆ. ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆದಿಟ್ಟರೆ ಮರುಜೋಡಣೆ ಸಲೀಸು. ಬಸ್ ನಿಲ್ದಾಣದ ಪಕ್ಕ ಗಾಜಿನ ಪೆಟ್ಟಿಗೆಯ ಹಿಂದೆ ಕೂರುವ ಹಳೆಯ ರಿಪೇರಿಯವರು ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುತ್ತಾರೆ. ಹೊಸಬರು ಅದಕ್ಕೆಂದೇ ಮಾಡಿದ ದ್ರಾವಣ ಬಳಸುತ್ತಾರೆ. ಎಣ್ಣೆಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಬ್ಯಾಲೆನ್ಸಿನ ಕಲ್ಲಿಗೆ ತೆಳುವಾದದ್ದು, ನಿಧಾನವಾಗಿ ತಿರುಗುವ ಚಕ್ರಗಳಿಗೆ ಮಂದವಾದದ್ದು, ಅದೂ ಸೂಜಿಮೊನೆಯಷ್ಟೇ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಅದು ಎಲ್ಲೆಡೆ ಹರಡಿ, ದೂಳು ಹಿಡಿದು, ವಾಚು ಮತ್ತೆ ನಿಲ್ಲುತ್ತದೆ.

ಚೆನ್ನಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ, ಸ್ಪೀಕರಿನ ಪಕ್ಕ ಇಟ್ಟದ್ದರಿಂದ ಹೇರ್ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದಿರಬಹುದು. ಡೀಮ್ಯಾಗ್ನೆಟೈಸರ್ ಎಂಬ ಚಿಕ್ಕ ಪೆಟ್ಟಿಗೆಯಿಂದ ಅದು ಗಳಿಗೆಯಲ್ಲಿ ಸರಿಹೋಗುತ್ತದೆ. ಪ್ಲಾಸ್ಟಿಕ್ ಗಾಜಿನ ಸಣ್ಣ ಗೀರುಗಳನ್ನು ಟೂತ್‌ಪೇಸ್ಟಿನಿಂದ ತಿಕ್ಕಿ ತೆಗೆಯಬಹುದು. ಆದರೆ ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಬಹಳ ಹಳೆಯ ವಿದೇಶಿ ವಾಚುಗಳನ್ನು ಹುಷಾರಾಗಿ ಮುಟ್ಟಬೇಕು. 1960ರ ದಶಕಕ್ಕಿಂತ ಹಿಂದಿನವುಗಳಲ್ಲಿ ಆ ಬಣ್ಣ ನಿಜವಾದ ರೇಡಿಯಂ ಆಗಿರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಉಳಿದಿರುತ್ತದೆ. ಅದನ್ನು ಕೆರೆಯಬಾರದು, ಪುಡಿಯನ್ನು ಉಸಿರಾಡಬಾರದು.

ಕೀ ಕೊಡುವ ವಾಚಿನ ಕಾಲವನ್ನು ಮುಗಿಸಿದ್ದು ಕ್ವಾರ್ಟ್ಜ್. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಈಗಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಭಾರತದಲ್ಲಿ ಆ ಗಾಳಿ ಬೀಸಿದ್ದು ಮಾಲೂರು ತಾಲ್ಲೂಕಿನ ಗಡಿಯಾಚೆಯಿಂದಲೇ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಕಟ್ಟಿದ ಟೈಟನ್, ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಜ್ ವಾಚುಗಳನ್ನು ತಂದು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯನ್ನು ಬದಲಿಸಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತ್ತು, ಆದರೆ ಕುಸಿತ ನಿಲ್ಲಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು.

ಮುಚ್ಚುವ ಸುದ್ದಿಯೇ ಸಂಗ್ರಹದ ಹುಚ್ಚನ್ನು ಹೆಚ್ಚಿಸಿತು. ಜೊತೆಗೆ ಒಂದು ಕೇಡೂ ಬಂತು. ಮಾಸಿದ ಡಯಲಿಗೆ ಕೆಂಪು, ಹಸಿರು ಬಣ್ಣ ಬಳಿದು, ಮೇಲೆ ಪೈಲಟ್, ಜವಾನ್ ಎಂದು ಅಚ್ಚು ಹಾಕಿ, ಹೊಸದರಂತೆ ಮಾರುವ ದಂಧೆ ಬೆಳೆಯಿತು. ಹೊರದೇಶದ ಸಂಗ್ರಾಹಕರು ಇಂಥವನ್ನು ‘ಮುಂಬೈ ಸ್ಪೆಷಲ್’ ಎಂದು ಕರೆಯುತ್ತಾರೆ. ಅಕ್ಷರ ದಪ್ಪಗಿದ್ದು ಅಂಚು ಕದಡಿದ್ದರೆ, ನಿಮಿಷದ ಗೆರೆಗಳು ಮುಳ್ಳಿಗೆ ಹೊಂದದಿದ್ದರೆ, ಐವತ್ತು ವರ್ಷದ ವಾಚಿನ ಮುಖದಲ್ಲಿ ಒಂದು ಕಲೆಯೂ ಇಲ್ಲದಿದ್ದರೆ ಅನುಮಾನಿಸಬೇಕು. ಹಳದಿಗಟ್ಟಿದ ಅಸಲಿ ಡಯಲು, ಬಣ್ಣ ಬಳಿದ ಹತ್ತು ಡಯಲುಗಳಿಗಿಂತ ಹೆಚ್ಚು ಬೆಲೆಯದು.

ಅಸಲಿ ಹೇಗಿತ್ತೆಂದು ನೋಡಿ ಕಣ್ಣು ಪಳಗಿಸಿಕೊಳ್ಳಲು ಒಳ್ಳೆಯ ಜಾಗ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಮತ್ತು ಮ್ಯೂಸಿಯಂ. 2019ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಹಳೆಯ ಮಾದರಿಗಳನ್ನು ಕಾರ್ಖಾನೆಯ ಯಂತ್ರಗಳ ಜೊತೆಗೆ ಸಾಲಾಗಿ ಇಟ್ಟಿದ್ದಾರೆ. ಕೋಲಾರದಿಂದ ಒಂದು ದಿನದಲ್ಲಿ ಹೋಗಿಬರಬಹುದು.

ಮನೆಯಲ್ಲಿ ನಿಂತುಹೋದ ಎಚ್‌ಎಂಟಿ ಇದ್ದವರು ಅದನ್ನು ಗುಜರಿಗೆ ಹಾಕದಿರಲಿ, ಮುಖಕ್ಕೆ ಹೊಸ ಬಣ್ಣ ಬಳಿಸದಿರಲಿ. ಕೀ ಕೊಡುವ ವಾಚು ಬಲ್ಲ ರಿಪೇರಿಯವರು ಊರಿನಲ್ಲಿ ಇರುವಾಗಲೇ ಒಮ್ಮೆ ತೊಳೆಸಿ ಎಣ್ಣೆ ಹಾಕಿಸಲಿ, ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪೊಟ್ಟಣ ಕಟ್ಟಿಸಿ ತರಲಿ.