ಕಳಿಸಲ್ಪಟ್ಟವರೋ, ಬಂದವರೋ? ಬನವಾಸಿ ಸೀಮೆಯ ಧರ್ಮದೂತರ ಹೆಸರುಗಳು

ಇಂಗ್ಲಿಷಿನಲ್ಲಿ ‘ಮಿಷನರ್’ ಎಂಬ ಮಾತೊಂದಿತ್ತು. 17ನೇ ಶತಮಾನದ ನಡುವಿನಲ್ಲಿ ಬಳಕೆಗೆ ಬಂದ ಈ ಪದವನ್ನು ಅದರ ದಾಯಾದಿ ‘ಮಿಷನರಿ’ ಮೂಲೆಗೆ ತಳ್ಳಿತು. ಎರಡರ ಬೇರೂ ಲ್ಯಾಟಿನ್ನಿನ ‘ಮಿತ್ತೆರೆ’, ಅಂದರೆ ಕಳಿಸು. ಅದೇ ಬೇರಿನ ‘ಮಿಸಿವ್’ ಈಗ ಪತ್ರಕ್ಕೆ ಮಾತ್ರ ಸಲ್ಲುತ್ತದೆ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ಅದು ಅರಸನ ಕಡೆಯಿಂದ ಬಂದ ಆಳು. ‘ಮಿಸಿಯೊ’ ಎಂಬ ಲ್ಯಾಟಿನ್ ಪದವನ್ನು ಮೊದಲು ದೈವಶಾಸ್ತ್ರಜ್ಞರು ತಂದೆಯು ಮಗನನ್ನೂ ಪವಿತ್ರಾತ್ಮನನ್ನೂ ಲೋಕಕ್ಕೆ ಕಳಿಸಿದ್ದಕ್ಕೆ ಬಳಸುತ್ತಿದ್ದರು. ಮನುಷ್ಯರನ್ನು ದೂರದೇಶಗಳಿಗೆ ಕಳಿಸುವುದಕ್ಕೆ ಅದನ್ನು ರೂಢಿಸಿದವರು 1540ರಲ್ಲಿ ಪೋಪರ ಮನ್ನಣೆ ಪಡೆದ ಯೇಸುಸಭೆಯವರು. ಹೀಗೆ ಈ ಪದಸಂಸಾರದಲ್ಲಿ ಧರ್ಮದೂತನ ಗುರುತು ಅವನನ್ನು ಕಳಿಸಿದವರಿಂದ ಹುಟ್ಟುತ್ತದೆ.

ಈ ಅಳತೆಗೋಲನ್ನು ಶಿರಸಿ ತಾಲ್ಲೂಕಿನ ಬನವಾಸಿಗೆ ತಂದರೆ ಏನಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಸುಮಾರು 5ನೇ ಶತಮಾನದಲ್ಲಿ ಸಿಂಹಳದಲ್ಲಿ ರಚಿತವಾದ ಪಾಳಿ ಗ್ರಂಥ ‘ಮಹಾವಂಸ’ದ 12ನೇ ಅಧ್ಯಾಯದಂತೆ, ಅಶೋಕನ ಕಾಲದ ಮೂರನೇ ಬೌದ್ಧ ಸಂಗೀತಿಯ ಬಳಿಕ ಅದನ್ನು ನಡೆಸಿದ ಮೊಗ್ಗಲಿಪುತ್ತ ತಿಸ್ಸನು ಕಾರ್ತಿಕ ಮಾಸದಲ್ಲಿ ಗಡಿನಾಡುಗಳಿಗೆ ಥೇರರನ್ನು ಕಳಿಸಿದ. ಮಹಿಷಮಂಡಲಕ್ಕೆ ಮಹಾದೇವ, ವನವಾಸಕ್ಕೆ ರಕ್ಖಿತ. ವನವಾಸವೆಂದರೆ ಬನವಾಸಿಯ ಸೀಮೆಯೆಂಬುದನ್ನು ಬಹುತೇಕ ವಿದ್ವಾಂಸರು ಒಪ್ಪಿದ್ದಾರೆ. ರಕ್ಖಿತ ಆಕಾಶದಲ್ಲಿ ನಿಂತು ಬೋಧಿಸಿದ, 60,000 ಜನ ಧರ್ಮಕ್ಕೆ ಒಲಿದರು, 37,000 ಜನ ಪ್ರವ್ರಜ್ಯೆ ಪಡೆದರು, 500 ವಿಹಾರಗಳಾದವು ಎಂದು ಗ್ರಂಥ ಲೆಕ್ಕ ಕೊಡುತ್ತದೆ. ಲೆಕ್ಕ ಪುರಾಣದ್ದು, ಅದನ್ನು ಯಾರೂ ಜನಗಣತಿಯೆಂದು ತಿಳಿಯಬೇಕಿಲ್ಲ. ಪದಗಳನ್ನು ಮಾತ್ರ ಹಗುರವಾಗಿ ಬಿಡುವಂತಿಲ್ಲ. ಅಲ್ಲಿ ಕಳಿಸಿದ್ದಕ್ಕೆ ಕ್ರಿಯಾಪದವಿದೆ, ‘ಪೇಸೇಸಿ’, ಸಂಸ್ಕೃತದ ಪ್ರೇಷಣದ ಬಳಗದ್ದು. ಆದರೆ ಆ ಕ್ರಿಯೆಯಿಂದ ರಕ್ಖಿತನಿಗೊಂದು ಬಿರುದು ಹುಟ್ಟುವುದಿಲ್ಲ. ಹೊರಟಾಗಲೂ ಥೇರ, ತಲುಪಿದಾಗಲೂ ಥೇರ, ಅಂದರೆ ಸಂಘದ ಹಿರಿಯ. ಅರಸನ ಭಾಷೆಯಲ್ಲಿ ದೂತ ಎಂಬ ಪದ ಇರಲಿಲ್ಲವೆಂದಲ್ಲ. ಅಶೋಕನ 13ನೇ ಶಿಲಾಶಾಸನದಲ್ಲೇ ಅದಿದೆ. ‘ಮಹಾವಂಸ’ ಅದನ್ನು ಥೇರರಿಗೆ ಹಚ್ಚಲಿಲ್ಲ.

ಇನ್ನೂ ಮುಖ್ಯವಾದದ್ದು ಆ ಅಧ್ಯಾಯದ ಹೆಸರು: ‘ನಾನಾದೇಸಪಸಾದ’. ಪಸಾದ ಎಂದರೆ ಪ್ರಸಾದ. ಮನಸ್ಸು ತಿಳಿಯಾಗುವುದು, ಪ್ರಸನ್ನವಾಗುವುದು. 1912ರ ಇಂಗ್ಲಿಷ್ ಆವೃತ್ತಿಯಲ್ಲಿ ವಿಲ್‌ಹೆಲ್ಮ್ ಗೈಗರ್ ಇದನ್ನು ಮತಾಂತರವೆಂಬ ಅರ್ಥದ ಮಾತಿನಿಂದ ಅನುವಾದಿಸಿದರು. ಒಳಗೆ ನಡೆದದ್ದು ಹೊರಗಿನ ಎಣಿಕೆಯಾಯಿತು. ‘ಮಹಾವಂಸ’ಕ್ಕಿಂತ ಹಳೆಯದಾದ, 3ನೇ ಶತಮಾನದ ನಾಗಾರ್ಜುನಕೊಂಡದ ಶಾಸನವೊಂದು ತಾಮ್ರಪರ್ಣಿಯ, ಅಂದರೆ ಸಿಂಹಳದ, ಥೇರಪಂಥದ ಆಚಾರ್ಯರನ್ನು ಕಾಶ್ಮೀರ, ಗಾಂಧಾರ, ವನವಾಸಿ ಮೊದಲಾದ ನಾಡುಗಳ ‘ಪಸಾದಕ’ರೆಂದು ಕರೆಯುತ್ತದೆ. ಬನವಾಸಿಯ ಹೆಸರಿನೊಡನೆ ಕಲ್ಲಿನ ಮೇಲೆ ಉಳಿದಿರುವ ಧರ್ಮದೂತವಾಚಕ ಇದು. ಕಳಿಸಿದವನ ನೆನಪೇ ಇದರಲ್ಲಿಲ್ಲ. ಬಂದವನಿಂದ ನಾಡಿನ ಜನ ಪ್ರಸನ್ನರಾದರೇ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. (ಇಂದು ಇದೇ ಬನವಾಸಿಯ ಮಧುಕೇಶ್ವರ ದೇವಾಲಯಕ್ಕೆ ಹೋದ ಭಕ್ತ ಪ್ರಸಾದವನ್ನು ಬೊಗಸೆಯೊಡ್ಡಿ ತೆಗೆದುಕೊಳ್ಳುತ್ತಾನೆ. ಪದ ಮನಸ್ಸಿನಿಂದ ಅಂಗೈಗೆ ಇಳಿದು ಬಂದಿದೆ.)

ಇಂಥ ಬೋಧಕರಿಗೆ ಕನ್ನಡದ ‘ದೂತ’ ಏಕೆ ಒಗ್ಗಲಿಲ್ಲ? ಶಿರಸಿ, ಸಿದ್ದಾಪುರದ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ವಿವರಣೆ ಬೇಡ. ಆಟದಲ್ಲಿ ದೂತ ಸಾಮಾನ್ಯವಾಗಿ ಹಾಸ್ಯಗಾರನ ಪಾತ್ರ. ಅವನು ರಂಗಕ್ಕೆ ಬಂದರೆ ಸಭೆ ನಗಲು ಸಿದ್ಧವಾಗುತ್ತದೆ. ಗಂಭೀರವಾದ ದೌತ್ಯಕ್ಕೆ ಸಂಧಾನ, ರಾಯಭಾರ ಎಂಬ ಬೇರೆ ಮಾತುಗಳಿವೆ, ಅವು ರಾಜಕಾರಣದವು. ಬನವಾಸಿ ಸುತ್ತಿನ ವೀರಶೈವರಲ್ಲಿ ಮನೆಗೆ ಬರುವವರು ಅಯ್ಯನವರು. ಶಾಸ್ತ್ರದ ಮಾತಿನಲ್ಲಿ ಜಂಗಮರು, ಚಲಿಸುವವರು. ಇಲ್ಲಿಯೂ ಹೆಸರು ಹುಟ್ಟಿದ್ದು ನಡೆಯಿಂದ. ಸೋಂದೆಯ ಸ್ವರ್ಣವಲ್ಲಿ, ಸಿದ್ದಾಪುರ ತಾಲ್ಲೂಕಿನ ನೆಲೆಮಾವು ಮುಂತಾದ ಮಠಗಳ ಶಿಷ್ಯರಲ್ಲಿ ಗುರುಗಳೇ ಬಂದು ತಂಗಿದರೆ ‘ಮೊಕ್ಕಾಂ’. ಗುರುಗಳ ಪತ್ರ ಬಂದರೆ ಅದು ‘ಶ್ರೀಮುಖ’. ಪತ್ರಕ್ಕೆ ಮುಖವೇ ಇದೆ, ತಂದವನಿಗೆ ಹೆಸರಿಲ್ಲ! ‘ಮಿಸಿವ್’ ಪದ ಆಳನ್ನು ಬಿಟ್ಟು ಕಾಗದವನ್ನು ಹಿಡಿದ ಹಾದಿ ನೆನಪಾಗುತ್ತದೆ, ಆದರೆ ಇಲ್ಲಿ ಕಾಗದವೇ ಗುರುವಿನ ಸನ್ನಿಧಿಯಾಯಿತು.

ಯಲ್ಲಾಪುರದ ಕಡೆ ಚಿತ್ರ ಬೇರೆ. ಅಲ್ಲಿನ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂರೂ ಬಗೆಯವರಿದ್ದಾರೆ. ಕೊಂಕಣಿ ಮಾತಾಡುವ ಕ್ರೈಸ್ತರು ಇಗರ್ಜಿಯ ಪೂಜೆಗೆ ‘ಮೀಸ್’ ಎನ್ನುತ್ತಾರೆ. ಅದು ಪೋರ್ಚುಗೀಸಿನ ‘ಮಿಸ್ಸ’, ಅದರ ಹಿಂದೆ ಮತ್ತದೇ ‘ಮಿತ್ತೆರೆ’. ಆದರೆ ಪೂಜೆ ಮಾಡಿಸುವವರು ‘ಪಾದ್ರಿ’, ಅಂದರೆ ತಂದೆ. ಕಳಿಸು ಎಂಬ ಬೇರು ಪೂಜೆಯ ಹೆಸರಿನಲ್ಲಿ ಅಡಗಿತು, ಬಂದ ಮನುಷ್ಯನಿಗೆ ನಂಟಿನ ಹೆಸರು ಸಿಕ್ಕಿತು. ಬೈಬಲ್ ಅನುವಾದಕರು ಮಾತ್ರ ಈ ತೊಡಕನ್ನು ನೇರವಾಗಿ ಎದುರಿಸಬೇಕಾಯಿತು. ಪ್ರೊಟೆಸ್ಟೆಂಟರ ಕನ್ನಡ ಬೈಬಲ್ ‘ಕಳಿಸಲ್ಪಟ್ಟವನು’ ಎಂಬ ಅರ್ಥದ ಗ್ರೀಕ್ ಪದವನ್ನು ‘ಅಪೊಸ್ತಲ’ ಎಂದು ಹಾಗೇ ಉಳಿಸಿಕೊಂಡಿತು; ಕಥೋಲಿಕರು ‘ಪ್ರೇಷಿತ’ ಎಂದರು. ಇದು ಪಾಳಿಯ ‘ಪೇಸೇಸಿ’ಯ ಒಡಹುಟ್ಟು. ರಕ್ಖಿತನಿಗೆ ಸಿಗದೆ ಹೋದ ಬಿರುದು ಹೀಗೆ ಶತಮಾನಗಳ ಮೇಲೆ ಪೇತ್ರ, ಪೌಲರ ಪಾಲಿಗೆ ಬಂತು. ‘ಮಿಷನ್’ ಅಂತೂ ಈಗ ಯಾರ ಸೊತ್ತೂ ಅಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನ ನಲ್ಲಿ ಹಿತ್ತಲಿಗೆ ಬಂದರೆ ಅದರಲ್ಲಿ ಯಾರೂ ಧರ್ಮಪ್ರಚಾರವನ್ನು ಹುಡುಕುವುದಿಲ್ಲ.

ಕರ್ನಾಟಕದ ಬೌದ್ಧ ಇತಿಹಾಸ ಬರೆಯುವಾಗ ರಕ್ಖಿತನನ್ನು ‘ಮಿಷನರಿ’ ಎಂದೋ ‘ಧರ್ಮಪ್ರಚಾರಕ’ ಎಂದೋ ಕರೆಯುವ ರೂಢಿ ನಮ್ಮಲ್ಲಿದೆ. ನಾನೂ ಶೀರ್ಷಿಕೆಯಲ್ಲಿ ‘ಧರ್ಮದೂತ’ ಎಂದಿರುವುದು ಆ ರೂಢಿಗೆ ಶರಣಾಗಿಯೇ. ‘ಮಿಷನರಿ’, ‘ಧರ್ಮಪ್ರಚಾರಕ’ ಎರಡೂ ಹೆಸರು ಯುರೋಪಿನ ಸಂಸ್ಥೆಯೊಂದರ ನೆರಳನ್ನು ಅವನ ಮೇಲೆ ಬೀಳಿಸುತ್ತವೆ. ನಾಗಾರ್ಜುನಕೊಂಡದ ಕಲ್ಲು ಕೊಡುವ ‘ಪಸಾದಕ’ ಕೈಯಳತೆಯಲ್ಲೇ ಇದೆ. ಅದು ಭಾರವೆನಿಸಿದರೆ ‘ಥೇರ’ ಎಂದರೂ ಸಾಕು. ಬನವಾಸಿಯ ಬಗ್ಗೆ ಮುಂದೆ ಬರೆಯುವವರು ಈ ಎರಡರಲ್ಲಿ ಒಂದನ್ನು ಬಳಸಬೇಕೆಂದು ಕೋರುತ್ತೇನೆ.