ಹಾಸಿಗೆಯ ಬಳಿಗೆ ಬಂದ ಆಸ್ಪತ್ರೆ



ಗಡಿನಾಡಿನ ನಮಗೆ ದೊಡ್ಡಾಸ್ಪತ್ರೆ ಎಂದರೆ ಬಸ್ಸು ಹತ್ತಿ ಹೋಗಬೇಕಾದ ಊರು. ಕಾಸರಗೋಡಿನವರು ಮಂಗಳೂರಿಗೆ ಹೋಗುತ್ತಾರೆ, ಹೊಸೂರಿನವರು ಬೆಂಗಳೂರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ. ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವುದು ನಮಗೆ ರೂಢಿ. ಆದರೆ ಆಸ್ಪತ್ರೆಯನ್ನೇ ಕಾಯಿಲೆಯವರ ಬಳಿಗೆ ತರಬಹುದೇ ಎಂದು ಯೋಚಿಸಿದವರೂ ಇದ್ದಾರೆ. ಆ ಯೋಚನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಕಥೆ ಮೊದಲಾಗುವುದು ಹಾಲೆಂಡ್ ದೇಶದ ಲೈಡನ್ ಪಟ್ಟಣದಲ್ಲಿ. ಅಲ್ಲಿ ವಿಲ್ಲೆಮ್ ಐಂತೋವನ್ ಎಂಬ ಪ್ರಾಧ್ಯಾಪಕರಿದ್ದರು. ಹೃದಯ ಬಡಿಯುವಾಗ ಮೈಯಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಗೆರೆಯಾಗಿ ಮೂಡಿಸುವ ಯಂತ್ರವೊಂದನ್ನು ಅವರು ಕಟ್ಟಿದರು. ನಾವು ಇಂದು ಇ.ಸಿ.ಜಿ. ತೆಗೆಸುತ್ತೇವಲ್ಲ, ಆ ಯಂತ್ರದ ಮುತ್ತಜ್ಜ ಇದು. ತೂಕ ಸುಮಾರು 270 ಕಿಲೊ. ನಡೆಸುವುದಕ್ಕೆ ಐದು ಜನ ಬೇಕಾಗಿತ್ತು. ರೋಗಿ ತನ್ನ ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು.

ಯಂತ್ರ ಇದ್ದದ್ದು ಪ್ರಯೋಗಶಾಲೆಯಲ್ಲಿ, ರೋಗಿಗಳು ಇದ್ದದ್ದು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿ. ಅಷ್ಟು ಭಾರದ ಯಂತ್ರವನ್ನು ಹೊತ್ತೊಯ್ಯುವಂತಿಲ್ಲ, ಹಾಸಿಗೆ ಹಿಡಿದವರನ್ನು ಎಬ್ಬಿಸಿ ತರುವಂತೆಯೂ ಇಲ್ಲ. ಹಾಗಾಗಿ ಎರಡರ ನಡುವೆ ಟೆಲಿಫೋನ್ ತಂತಿ ಬಂತು. 1905ರ ಮಾರ್ಚ್ ತಿಂಗಳಲ್ಲಿ ಮನುಷ್ಯನ ಹೃದಯದ ಬಡಿತ ತಂತಿಯಲ್ಲಿ ಹಾದು ಬಂದು ದೂರದ ಪ್ರಯೋಗಶಾಲೆಯಲ್ಲಿ ಗೆರೆಯಾಯಿತು. ರೋಗಿ ಒಂದು ಕಡೆ, ಅವನ ಎದೆಯನ್ನು ಓದುವವರು ಇನ್ನೊಂದು ಕಡೆ! ಇ.ಸಿ.ಜಿ.ಯ ಕಾರ್ಯವಿಧಾನವನ್ನು ಕಂಡುಹಿಡಿದದ್ದಕ್ಕಾಗಿ 1924ರಲ್ಲಿ ಐಂತೋವನ್ನರಿಗೆ ನೊಬೆಲ್ ಬಹುಮಾನ ಸಂದಿತು.

ಮುಂದಿನ ಚರಿತ್ರೆಯೆಲ್ಲ ಯಂತ್ರ ಚಿಕ್ಕದಾದ ಚರಿತ್ರೆ. 1940ರ ದಶಕದ ಕೊನೆಗೆ ಅಮೆರಿಕದ ನಾರ್ಮನ್ ಹೋಲ್ಟರ್ ಹೃದಯದ ಬಡಿತವನ್ನು ರೇಡಿಯೋ ಮೂಲಕ ಕಳುಹಿಸಿದರು. ಆದರೆ ಆ ಉಪಕರಣ ಸುಮಾರು 38 ಕಿಲೊ; ಅಕ್ಕಿ ಮೂಟೆಯಂತೆ ಬೆನ್ನಿಗೆ ಹೊರಬೇಕು. 1974ರಲ್ಲಿ ಜಪಾನಿನ ತಕುವೊ ಅಯೊಯಾಗಿ, ಸೂಜಿ ಚುಚ್ಚದೆ ಬರಿಯ ಬೆಳಕಿನಿಂದ ರಕ್ತದ ಆಮ್ಲಜನಕವನ್ನು ಅಳೆಯುವ ಬಗೆಯನ್ನು ಮುಂದಿಟ್ಟರು. ಕೊರೋನಾ ಕಾಲದಲ್ಲಿ ನೀವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆ ಪುಟ್ಟ ಕ್ಲಿಪ್ ಅದರ ಫಲ.

ಆದರೆ ದೂರದಿಂದ ತಿಳಿದುಕೊಂಡರೆ ಅರ್ಧ ಕೆಲಸ ಮಾತ್ರ ಆದಂತೆ. ಇಂಜೆಕ್ಷನ್ ಕೊಡುವವರು ಯಾರು? ಡ್ರಿಪ್ ಹಾಕುವವರು ಯಾರು? ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಡಾ. ಬ್ರೂಸ್ ಲೆಫ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ನ್ಯುಮೋನಿಯಾ, ಉಬ್ಬಸ, ಹೃದಯದ ದುರ್ಬಲತೆ, ಚರ್ಮದ ಸೋಂಕು ಇರುವ ಹಿರಿಯರನ್ನು ವಾರ್ಡಿಗೆ ಸೇರಿಸುವ ಬದಲು ಅವರ ಮನೆಯಲ್ಲೇ ನೋಡಿಕೊಂಡರು. 2005ರಲ್ಲಿ ಪ್ರಕಟವಾದ ಅವರ ವರದಿಯಂತೆ, ಮನೆಯಲ್ಲಿದ್ದ ಹಿರಿಯರಿಗೆ ಬುದ್ಧಿಭ್ರಮೆ ಕಡಿಮೆಯಾಯಿತು, ಖರ್ಚೂ ಇಳಿಯಿತು. ಅನಂತರ ಬಾಸ್ಟನ್ ನಗರದಲ್ಲಿ 91 ಮಂದಿಯ ಮೇಲೆ ಇಂಥದೇ ಪರೀಕ್ಷೆ ನಡೆಯಿತು. ಎದೆಗೆ ಅಂಟಿಸಿದ ಪಟ್ಟಿಯೊಂದು ನಾಡಿಯನ್ನೂ ಉಸಿರನ್ನೂ ಸದಾ ಆಸ್ಪತ್ರೆಗೆ ತಿಳಿಸುತ್ತಿತ್ತು. ಅದರ ಜೊತೆಗೆ ಡಾಕ್ಟರು ದಿನಕ್ಕೊಮ್ಮೆ, ನರ್ಸು ದಿನಕ್ಕೆರಡು ಸಲ ಮನೆಗೆ ಬರುತ್ತಿದ್ದರು. ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು, ವಾರ್ಡಿನಲ್ಲಿದ್ದವರಲ್ಲಿ ನೂರಕ್ಕೆ 23. ಮನೆಯಲ್ಲಿದ್ದವರಲ್ಲಿ ನೂರಕ್ಕೆ 7. ಗಮನಿಸಿ, ಪಟ್ಟಿಯೊಂದೇ ಈ ಕೆಲಸ ಮಾಡಲಿಲ್ಲ. ಬಾಗಿಲು ತಟ್ಟಿ ಒಳಗೆ ಬಂದವರೂ ಇದ್ದರು.

ನಮ್ಮ ದೇಶದಲ್ಲೂ ಹೆಜ್ಜೆಗಳು ಬಿದ್ದಿವೆ. 2000ನೇ ಇಸವಿಯಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಹಳ್ಳಿಯಲ್ಲಿ ದೂರವೈದ್ಯಕೀಯ ಕೇಂದ್ರ ತೆರೆಯಿತು. ಸ್ವಲ್ಪ ಕಾಲದಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆ ಬೆಂಗಳೂರಿನ ಹೃದಯ ತಜ್ಞರೊಂದಿಗೆ ಮಾತಾಡಿತು. 2019ರಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವನಿ ಬಂತು. 2021ರ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಔಷಧವನ್ನು ಮನೆಗೇ ತಲುಪಿಸುವ ಯೋಜನೆಯನ್ನು ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯಲ್ಲೇ ಆರಂಭಿಸಿತು. ಬಾಸ್ಟನ್ನಿನಂಥ ಪೂರ್ಣ ವ್ಯವಸ್ಥೆ ಮಾತ್ರ ನಮ್ಮ ಹಳ್ಳಿಗಳಿಗೆ ಇನ್ನೂ ಬರಬೇಕು.

ಅದು ನಮಗೆ ಏಕೆ ಬೇಕು? 2020ರ ಮಾರ್ಚ್ ತಿಂಗಳನ್ನು ನೆನೆಯಿರಿ. ತಲಪಾಡಿಯಲ್ಲಿ ಗಡಿ ಮುಚ್ಚಿತು. ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಹಲವರು, ಆಂಬುಲೆನ್ಸ್ ಮುಂದೆ ಹೋಗದೆ ಪ್ರಾಣ ಬಿಟ್ಟರೆಂದು ಆಗ ವರದಿಯಾಯಿತು. ಮಾತು ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೃದಯದ ರಕ್ತನಾಳ ತೆರೆಯುವ ಕೆಲಸ ತಂತಿಯಲ್ಲಿ ಆಗುವಂಥದಲ್ಲ, ಅದಕ್ಕೆ ದಾರಿ ತೆರೆದಿರಲೇಬೇಕು. ಆದರೆ ಮನೆಯಲ್ಲೇ ಗುಣವಾಗಬಹುದಾದ ಕಾಯಿಲೆಗೂ ಗಡಿ ದಾಟಬೇಕಾದ ಪಾಡು ತಪ್ಪಬಹುದು.

ಇನ್ನೊಂದು ಮಾತಿದೆ. ನಾಡಿಯ ಎಣಿಕೆಗೆ ಭಾಷೆ ಬೇಡ. ಆದರೆ ಎದೆ ಉರಿಯುತ್ತದೋ, ಹಿಂಡುತ್ತದೋ, ಕೈ ಜೋಮು ಹಿಡಿಯಿತೋ ಎಂಬುದನ್ನು ಯಂತ್ರ ಹೇಳಲಾರದು, ರೋಗಿಯೇ ಹೇಳಬೇಕು. ನಮಗೆ ನಿಮಗೆ ಎರಡು ಭಾಷೆ ಬರುತ್ತದೆ. ಹಗಲು ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಕನ್ನಡ ಮಾತ್ರ ಬರಬಹುದು. ಪರದೆಯಲ್ಲಿ ಕಾಣುವ ಡಾಕ್ಟರು ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ತೆಲುಗನ್ನೋ ಆಡಿದರೆ, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂಬುದೇ ಆಕೆಗೆ ಗೊಂದಲ.

ಆದ್ದರಿಂದ ಇಂಥ ಸೌಲಭ್ಯ ನಿಮ್ಮೂರಿಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಯಂತ್ರದ ಜೊತೆಗೆ ಮನೆಗೆ ಬರುವವರು ಯಾರು? ಅವರಿಗೆ ನಮ್ಮ ಮಾತು ಬರುತ್ತದೆಯೇ? ಈ ಎರಡಕ್ಕೆ ಉತ್ತರ ಸಿಕ್ಕಲ್ಲಿ, ಲೈಡನ್ನಿನಲ್ಲಿ ಹೊರಟ ಆ ತಂತಿ ನಮ್ಮ ಮನೆಯನ್ನೂ ಮುಟ್ಟಿತೆಂದು ತಿಳಿಯೋಣ.